ಮಗಳ ಕಾಲಿನ ಹರಕೆ

ಹೊಸ್ತಿಲಾಚೆ ಬಿಟ್ಟ ಚಪ್ಪಲಿ ಮಗುಚಿ ಬಿದ್ದರೆ ಮನೆಯಲ್ಲಿ ಜಗಳವಾಗುತ್ತದೆಂದು ನಮ್ಮತ್ತೆ ಹೇಳುತ್ತಿದ್ದರು. ಬಳ್ಳಾರಿ ಕಂಟೋನ್ಮೆಂಟಿನ ಈ ಮನೆಗೆ ಬಂದ ಮೇಲೂ ನಾನು ಅದನ್ನು ಕಾಲ್ಬೆರಳಿಂದ ನೇರ ಮಾಡದೆ ಒಳಗೆ ಹೋದವಳಲ್ಲ. ಅಂಥವಳು ಹೆತ್ತ ಮಗಳ ಕಾಲಿನ ಚಪ್ಪಲಿಯನ್ನೇ ಕಳಚಿಸಿದೆನೆಂದರೆ ನೀವು ನಗುತ್ತೀರಿ, ನಗಿ.

ಗೌರಿಯನ್ನು ಕೊಟ್ಟಿರುವುದು ಸಿರುಗುಪ್ಪದ ಕಡೆಯ ದೇಶನೂರಿಗೆ, ಭತ್ತ ಬೆಳೆಯುವ ಮನೆತನಕ್ಕೆ. ಆರು ವರ್ಷ ಮಡಿಲು ತುಂಬಲಿಲ್ಲ. ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ನಿಂತು, ಗೌರಿ ಬಸುರಾದರೆ ಹೆರುವ ತನಕ ಅವಳು ಚಪ್ಪಲಿ ಮೆಟ್ಟುವುದಿಲ್ಲವೆಂದು ನಾನೇ ಹರಕೆ ಹೊತ್ತೆ. ಬಸವಣ್ಣ ಕೊಟ್ಟ. ಗೌರಿ ಗದ್ದೆಯ ಹಸಿ ಮಣ್ಣಿನಲ್ಲಿ ಬರಿಗಾಲಲ್ಲೇ ಓಡಾಡಿದಳು. ಆರನೇ ತಿಂಗಳಲ್ಲಿ ನೋಡಿದರೆ ತುಟಿ ಸುಣ್ಣ, ಎರಡು ಮೆಟ್ಟಿಲಿಗೆ ಏದುಸಿರು.

ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಕೊಕ್ಕೆಹುಳ ಎಂದರು. ಬಯಲಲ್ಲಿ ಕೂತವರ ಮಲದಿಂದ ಮಣ್ಣು ಸೇರಿ, ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳು ಕಚ್ಚಿ ರಕ್ತ ಹೀರುತ್ತದಂತೆ. ರಕ್ತ ಏರದಿದ್ದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಬರಿಗಾಲು ಯಾಕೆಂದು ಕೇಳಿದ್ದಕ್ಕೆ ನಾನು ಹರಕೆಯ ಸಂಗತಿ ಹೇಳಿದೆ.

"ಹರಕಿ ಹೊತ್ತಾಕಿ ನೀವು. ಕಾಲು ಯಾರವು ಅಮ್ಮಾ?" ಎಂದರು ಡಾಕ್ಟರಮ್ಮ.

"ಅದೇ ಗದ್ಯಾಗ ಅವ್ರತ್ತಿನೂ ಬರಿಗಾಲ್ಲೇ ಅಡ್ಡಾಡ್ತಾರಲ್ರಿ, ಗುಂಡುಕಲ್ಲಿನಂಗ ಅದಾರ!" ಎಂದು ವಾದಿಸಿದೆ.

ಹುಳಗಳಿಗೂ ವಯಸ್ಸಿನ ಲೆಕ್ಕವುಂಟು ಎಂದರು ಅವರು. ಮಣ್ಣಾಡುವ ಮಕ್ಕಳಿಗೆ ದುಂಡುಹುಳ ಹೆಚ್ಚು. ಕೊಕ್ಕೆಹುಳ ದೊಡ್ಡವರನ್ನೂ ಬಿಡದು, ಗುಂಡುಕಲ್ಲಿನೊಳಗೂ ಇದ್ದೀತು. ಬಸುರಿಯ ಮೈ ಮಾತ್ರ ಬೇರೆ. ಹೊಟ್ಟೆಯಲ್ಲಿರುವ ಮಗು ಅರ್ಧ ತಂದೆಯದು, ತಾಯಿಯ ಮೈಗೆ ಅರ್ಧ ಹೊರಗಿನದು. ಅದನ್ನು ವೈರಿಯೆಂದು ಹೊರದಬ್ಬದಿರಲೆಂದು ಬಸುರಿನ ಹಾರ್ಮೋನುಗಳು ಮೈಯ ಕಾವಲನ್ನು ತುಸು ಸಡಿಲಿಸುತ್ತವೆ. ಆ ಸಡಿಲಿನಲ್ಲಿ ಹುಳಕ್ಕೂ ನೆಲೆ ಸಿಗುವುದುಂಟು.

ನನಗೆ ಮೈ ಜುಮ್ಮೆಂದಿತು. ಇರುವೆ ಬಾರದಂತೆ ಸಕ್ಕರೆ ಡಬ್ಬದ ಸುತ್ತ ಅರಿಶಿನದ ಗೆರೆ ಎಳೆಯುವ ನಾನು, ಇದೇ ನನ್ನ ಮೈ ಒಮ್ಮೆ ನನ್ನನ್ನು ಕೇಳದೆಯೇ ಗೌರಿಗಾಗಿ ಕಾವಲು ಇಳಿಸಿ ಕೂತಿತ್ತೆಂದು ಅರಿತಿರಲೇ ಇಲ್ಲ. ಶಿವನೇ, ಅದೆಷ್ಟು ಸದ್ದಿಲ್ಲದ ಕರುಣೆ! ಅಂಥ ಬಾಗಿಲಿಗೆ ಕಳ್ಳನನ್ನು ಕರೆತಂದವಳು ನಾನು.

ಮಾತ್ರೆ ಕೊಡಿಸಿದ ಮರುದಿನವೇ ಕುರುಗೋಡಿಗೆ ಓಡಿದೆ. ಹರಕೆ ಮುರಿದರೆ ತಪ್ಪಾದೀತೇ ಎಂದು ಕೇಳಿದ್ದಕ್ಕೆ ಪೂಜಾರಿಗಳು ನಕ್ಕರು. "ನಿಮ್ಮ ಬಾಯಿ ಹೊತ್ತಿದ್ದು ನಿಮ್ಮ ಕಾಲೇ ತೀರಿಸ್ಲಿ ತಾಯಿ. ಹನ್ನೊಂದು ಸುತ್ತು ಹಾಕ್ರಿ. ಮಗಳಿಗೆ ಇವತ್ತೇ ಚಪ್ಪಲಿ ಕೊಡಸ್ರಿ." ಬಳ್ಳಾರಿ ಸೀಮೆಯ ಮಧ್ಯಾಹ್ನದ ಕಲ್ಲುಹಾಸು, ಒಂದೊಂದು ಸುತ್ತಿಗೂ ಬುದ್ಧಿ ಬಂತು.

ಹೆರಿಗೆ ಸಸೂತ್ರವಾಯಿತು. ಬಾಣಂತನಕ್ಕೆ ಬಂದಿರುವ ಗೌರಿಯ ಚಪ್ಪಲಿ ನಿನ್ನೆ ಹೊಸ್ತಿಲಾಚೆ ಮಗುಚಿ ಬಿದ್ದಿತ್ತು. ಬಗ್ಗಿ, ಕೈಯಿಂದಲೇ ನೇರ ಮಾಡಿದೆ. ಗುಡಿಯ ಅಭ್ಯಾಸ ನೋಡಿ, ಆ ಕೈ ತಾನಾಗಿ ಹಣೆಗೆ ಹೋಯಿತು, ನಾನೂ ತಡೆಯಲಿಲ್ಲ. ಆಮೇಲೆ ಸೋಪು ಹಚ್ಚಿ ತೊಳೆದುಕೊಂಡೇ ಮೊಮ್ಮಗಳನ್ನು ಎತ್ತಿಕೊಂಡೆ.