ಅಧ್ಯಕ್ಷರ ಗೊರಕೆ

ತಬೋರಾ ಊರಿನ ನಮ್ಮ ಬೀದಿಯ ಅಧ್ಯಕ್ಷರಾದ ಮ್ಹೋಜಾ ಸಭೆಯಲ್ಲಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ನಡುವೆ ಉಸಿರೇ ನಿಂತುಬಿಡುತ್ತಿತ್ತು. ರಾತ್ರಿ ಮನೆಯಲ್ಲಿ ಹೀಗಾದಾಗ ಹೆಂಡತಿ ನ್ಯಾಮಿಜಿ ಭುಜ ಅಲುಗಿಸಿದರೆ ಮತ್ತೆ ಗುಡುಗು ಶುರು.

"ಇದು ಕಾಯಿಲೆ. ಮಲಗುವಾಗ ಮುಖಕ್ಕೆ ಉಸಿರಿನ ಯಂತ್ರ ಹಾಕ್ಕೊಳ್ಳಿ" ಎಂದರು ಡಾಕ್ಟರು.

"ಸಿಂಹಕ್ಕೆ ಮೂಗುದಾರ ಹಾಕ್ತೀಯೇನಯ್ಯಾ?" ಎಂದು ಮ್ಹೋಜಾ ಎದ್ದು ಬಂದರು. ಹೆಂಡತಿ ಅಲುಗಿಸುವುದೂ ಅಧ್ಯಕ್ಷಗಿರಿಗೆ ಕುಂದೆನಿಸಿ, ಅವಳ ಚಾಪೆಯನ್ನು ಬೇರೆ ಕೋಣೆಗೆ ಹಾಕಿಸಿದರು. ವಾರದೊಳಗೆ ನಿದ್ದೆಯಲ್ಲೇ ಹೋದರು.

ನಮ್ಮ ನ್ಯಾಮ್ವೇಜಿ ಕುಲದವರ ಸಾವಿನ ಮನೆಯಲ್ಲಿ ಸತ್ತವರನ್ನು ಅಣಕಿಸುವುದು ನಮ್ಮ ಗೇಲಿಯ ನೆಂಟರಾದ ಜರಾಮೋ ಜನರ ಹಕ್ಕು. ಅವರ ಪೈಕಿ ಪಾಜಿ ಎಂಬವನು ಬಂದವನೇ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಹೆಣದ ಪಕ್ಕದಲ್ಲೇ ಬಿದ್ದುಕೊಂಡ. "ಸಭೆ ಶುರುವಾಗ್ಲಿ!" ಎಂದು ಗೊರಕೆ ಹೊಡೆದ.

ಅಳುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಥೇಟ್ ಅವ್ರೇ ಕಣೋ!" ಎಂದು ಯಾರೋ ಕೂಗಿದರು. ಹುರುಪೇರಿದ ಪಾಜಿ ಉಸಿರನ್ನೂ ನಿಲ್ಲಿಸಿದ. ನಗು ಇನ್ನೂ ಜೋರಾಯಿತು.

ನ್ಯಾಮಿಜಿ ಮೂಲೆಯಿಂದ ತೆವಳಿಕೊಂಡು ಬಂದು ಅವನ ಭುಜ ಹಿಡಿದು ಅಲುಗಿಸತೊಡಗಿದಳು.

"ಎದ್ದೆ ಕಣಮ್ಮಾ, ಬಿಡು" ಎಂದು ಪಾಜಿ ಕಣ್ಣು ಬಿಟ್ಟ.

ಅವಳು ಬಿಡಲಿಲ್ಲ.