ದೇವಿ ಹಾಕುವ ಗೋದಕ್ಕ

ಝಳಕಿಯ ಹೊರಗಿನ ಓಣಿಯಲ್ಲಿ ಇನ್ನೂ ಮಂಜು ಕರಗಿಲ್ಲ. ಒಲೆಯ ಹೊಗೆ ಅದರೊಡನೆ ಬೆರೆತು ಮನೆಗಳೆಲ್ಲ ತೇಲುತ್ತಿರುವಂತೆ ಕಾಣುತ್ತವೆ. ಆ ಮಬ್ಬಿನೊಳಗಿಂದ, ಹೆಗಲಿಗೆ ಚೀಲ ಹಾಕಿಕೊಂಡು ತರುಣಿಯೊಬ್ಬರು ಬರುತ್ತಾರೆ. "ದೇವಿ ಹಾಕೋ ಗೋದಕ್ಕ ಬಂದ್ಲು!" ಎಂದು ಯಾರೋ ಕೂಗುತ್ತಾರೆ. ಅಳುವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪಿಸುಮಾತಿನಲ್ಲಿ ಏನೋ ಹೇಳುತ್ತಲೇ ಗೋದೂಬಾಯಿ ಅದರ ತೋಳಿಗೆ ಇಲ್ಲಿಯವರು 'ದೇವಿ' ಎನ್ನುವ ಸಿಡುಬಿನ ಲಸಿಕೆ ಹಾಕುತ್ತಾರೆ. ಕೂಸು ಅಳು ಮರೆತು ಅವರ ಮೂಗುಬೊಟ್ಟಿಗೆ ಕೈ ಚಾಚುತ್ತದೆ.

ಹತ್ತೊಂಬತ್ತು ತುಂಬುವವರೆಗೆ ಗೋದೂಬಾಯಿ ಇಂಥ ಓಣಿಯನ್ನೇ ಕಂಡಿರಲಿಲ್ಲ. ತಾಯಿ, ತಮ್ಮ ಇಬ್ಬರೂ ಒಂದೇ ವಾರದಲ್ಲಿ ಸಿಡುಬಿಗೆ ತೀರಿಕೊಂಡಾಗ ತಂದೆ ಹಣಮಂತ್ರಾಯರು ಪುಟ್ಟ ಮಗಳನ್ನೆತ್ತಿಕೊಂಡು ನಿಂಬೆತೋಟದ ಮನೆ ಸೇರಿದರು. ತೋಟದ ಬಾಗಿಲಿಗೆ ಕೀಲಿ ಬಿತ್ತು. ನೆಂಟರಿಲ್ಲ, ಶಾಲೆಯಿಲ್ಲ. ಅಕ್ಷರ ಕಲಿಸಿದ್ದೂ ಅವರೇ. ನಿಂಬೆ ಹೂವಿನ ಕಂಪು, ದೂರದ ರಸ್ತೆಯಲ್ಲಿ ಕಾಣದ ಬಸ್ಸುಗಳ ಸದ್ದು, ಬಾಲ್ಯವೆಂದರೆ ಅಷ್ಟೇ.

"ಬಸ್ಸಿನ ಸಪ್ಪಳಾ ಕೇಳಿ, ಅದರಾಗ ಯಾರ್ಯಾರು ಕೂತಾರ ಅಂತ ಕನಸು ಕಾಣ್ತಿದ್ದೆ. ಅವರಿಗೆಲ್ಲಾ ಹೆಸರಿಡ್ತಿದ್ದೆ. ಅಪ್ಪ ಕೆಟ್ಟವರಲ್ಲರೀ. ಅವರಿಗೆ ಹೆದರಿಕಿ ಇತ್ತು. ಅದರೊಳಗ ನನ್ನೂ ಕೂಡಿಸಿ ಕೀಲಿ ಹಾಕಿದ್ರು" ಎಂದು ಗೋದೂಬಾಯಿ ನನಗೆ ಹೇಳುತ್ತಾರೆ.

ತೋಟಕ್ಕೆ ಕಾಯಿ ಕೀಳಲು ಬರುತ್ತಿದ್ದ ಅಮೀನಾಬಿಯ ಮಗಳು ಒಂದು ಬೇಸಿಗೆಯಲ್ಲಿ ಸಿಡುಬಿನಿಂದ ಸತ್ತಳು. ಬೇಲಿಯಾಚೆ ನಿಂತು ಅಮೀನಾಬಿ ಅತ್ತಳು: "ದೇವಿ ಹಾಕವ್ರು ಬಂದಿದ್ರವ್ವಾ. ನಾನ ಅಂಜಿ ಕೂಸಿನ್ನ ಮುಚ್ಚಿಟ್ಟೆ."

ಆ ಮಾತು ಗೋದೂಬಾಯಿಯವರ ಎದೆಯಲ್ಲಿ ನಾಟಿತು. ಮರುದಿನ ನಸುಕಿನಲ್ಲಿ, ಮಲಗಿದ್ದ ತಂದೆಯ ಕಾಲಿಗೆ ನಮಸ್ಕರಿಸಿ ಬೇಲಿ ದಾಟಿದರು. ಇಂಡಿಯಲ್ಲಿ ತಾಯಿಯ ತಂಗಿಯ ಮನೆಯಲ್ಲಿದ್ದು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಲಸಿಕೆ ಹಾಕುವ ಕೆಲಸಕ್ಕೆ ಸೇರಿದರು. ತಂದೆಯಿಂದ ಒಂದು ಮಾತೂ ಬರಲಿಲ್ಲ. ಊರೂರು ತಿರುಗುವಾಗ ಬಾಗಿಲು ಮುಚ್ಚಿಕೊಂಡವರಿಗೆ ಅವರು ಬೈಯುವುದಿಲ್ಲ. ಹೊಸ್ತಿಲ ಮೇಲೆ ಕೂತು ಕಾಯುತ್ತಾರೆ.

ಕಳೆದ ಚಳಿಗಾಲ ಅವರು ನಿಂಬೆತೋಟದ ಬಾಗಿಲು ಬಡಿದರು.

"ಅಪ್ಪಾ, ತೋಳು ತೋರಸ್ರಿ ಅಂದೆ. ಅಂಗಿ ತೋಳು ಮ್ಯಾಲ ಸರಿಸಿದ್ರು. ಆಮ್ಯಾಲೆ ಸಣ್ಣ ಹುಡುಗರಂಗ ಕೇಳಿದ್ರು, 'ನೋವಾಗ್ತದೇನು?' ಅಂತ. ಇರಿವಿ ಕಡದಂಗ, ಅಷ್ಟ ಅಂದೆ."

ಲಸಿಕೆ ಹಾಕಿಸಿಕೊಂಡ ಮೇಲೆ ತಂದೆ, "ಇನ್ನ ಹೋಗಬ್ಯಾಡ, ಇಲ್ಲೇ ಇರು" ಎಂದರಂತೆ.

"ಏನಂದಿರಿ?" ಎಂದು ಕೇಳುತ್ತೇನೆ.

ಗೋದೂಬಾಯಿ ನಗುತ್ತಾರೆ. "'ಉಂಡು ಹೋಗ್ತೀನಪ್ಪಾ, ನಾಳೆ ಹೊರ್ತಿಗೆ ದೇವಿ ಹಾಕ್ಲಿಕ್ಕೆ ಹೋಗೋದದ' ಅಂದೆ. ಅಪ್ಪನಽ ಬಡಿಸಿದ್ರು. ಹೊಟ್ಟಿ ತುಂಬ ಉಂಡು ಬಂದೆ."