ಹುಡುಗ ಭಾಳ ಸೀರಿಯಸ್

ಸೀರಿಯಸ್ ಎಂಬ ಶಬ್ದಕ್ಕೆ ನನ್ನ ಅವ್ವನ ಹತ್ತಿರ ಒಂದೇ ಅರ್ಥವಿತ್ತು. ಅಜ್ಜ ಆಸ್ಪತ್ರೆಯಲ್ಲಿ ಸೀರಿಯಸ್ ಆದ, ಮೂರನೇ ದಿನ ಮನೆಗೆ ಹೆಣ ಬಂತು. ಅರ್ಥ ಅಲ್ಲಿಗೆ ಪಕ್ಕಾ ಆಯಿತು. ಹಾನಗಲ್ಲಿನ ನನ್ನ ಕಚೇರಿಯಲ್ಲಿ ಬೇರೆ ಅರ್ಥ. ಸಾಹೇಬರು ಒಂದು ವಿಷಯವನ್ನು ಸೀರಿಯಸ್ಸಾಗಿ ತಗೊಳ್ರಿ ಎಂದರೆ, ಆ ಫೈಲು ಇನ್ನು ಕಪಾಟು ಬಿಟ್ಟು ಏಳುವುದಿಲ್ಲವೆಂದು ತಿಳಿದುಕೊಳ್ಳುತ್ತಿದ್ದೆವು.

ಮೂರನೆಯ ಅರ್ಥ ಸವಣೂರಿನಲ್ಲಿರುವ ಅಪ್ಪನ ತಂಗಿಯದು. ಅವರ ಓಣಿಯ ಹುಡುಗನ ಜಾತಕ ನನ್ನದಕ್ಕೆ ಕೂಡಿಬಂದಿತ್ತು. ಒಂದು ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿದರು: “ವೈನಿ, ಹುಡುಗ ಭಾಳ ಸೀರಿಯಸ್ ಅದಾನ. ಲಗೂನ ಬರ್ರಿ.” ಹಲ್ಲು ಕಿಸಿಯದ, ಮಾತಿಗೆ ನಿಲ್ಲುವ ಮನುಷ್ಯ ಎಂಬುದು ಅವರ ಅಂಬೋಣ. ಅವ್ವ ಗೋಡೆ ಹಿಡಿದು ಕುಳಿತಳು.

ಹೆಣ್ಣು ನೋಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಅದಕ್ಕೆ ಮೊದಲೇ ಹುಡುಗಿ ಗಂಡಿನ ಮನೆ ಹೊಕ್ಕರೆ ನಮ್ಮಲ್ಲಿ ಸಂಬಂಧ ಮುರಿದಂತೆಯೇ. ರೋಗಿಯನ್ನು ನೋಡುವುದಕ್ಕೆ ಶಾಸ್ತ್ರ ಅಡ್ಡ ಬರುವುದಿಲ್ಲವೆಂದು ಅವ್ವ ತೀರ್ಪು ಕೊಟ್ಟಳು. ನಾನು ಬೇಡ ಅನ್ನಲಿಲ್ಲ. ಫೋಟೋದಲ್ಲಿ ನೋಡಿದ್ದೆ, ಮನಸ್ಸಿಗೆ ಹಿಡಿಸಿದ್ದರು. ಅವರಿಗಿಂತ ಮೊದಲು ಆರು ಮಂದಿ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು; ಒಬ್ಬರಿಗಾಗಿಯೂ ಕಣ್ಣೀರು ಬಂದಿರಲಿಲ್ಲ. ಈ ಸಲ ಬಸ್ಸಿನಲ್ಲಿ ಎರಡು ಎಳನೀರು ತೊಡೆಯ ಮೇಲಿಟ್ಟುಕೊಂಡು ಸವಣೂರಿನವರೆಗೂ ಅಳುತ್ತಲೇ ಹೋದೆ.

ಬಾಗಿಲು ತೆಗೆದವರು ಅವರೇ. ಕೈಯಲ್ಲಿ ಖಾರದ ಅವಲಕ್ಕಿಯ ತಾಟು. ಅವ್ವ ಮೇಲಿಂದ ಕೆಳಗೆ ನೋಡಿ, ಯಾವಾಗ ಬಿಟ್ಟರು ಎಂದು ಕೇಳಿದಳು. ಆಸ್ಪತ್ರೆ ಎಂಬ ಮಾತನ್ನು ಸೇರಿಸಲಿಲ್ಲ. ಐದಕ್ಕೇ ಬಿಟ್ಟರು, ಇವತ್ತು ಬ್ಯಾಂಕಿನಲ್ಲಿ ಕೆಲಸ ಕಡಿಮೆಯಿತ್ತು ಎಂದರು ಅವರು. ಅಷ್ಟರಲ್ಲಿ ಹಿಂದೆ ಬಂದು ನಿಂತ ಅವರ ತಾಯಿ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಮುರಿಯಿತು ಎಂದುಕೊಂಡೆ. ನೆಲ ಬಾಯಿ ಬಿಟ್ಟರೆ ಎಳನೀರಿನ ಸಮೇತ ಇಳಿದುಹೋಗಲು ತಯಾರಿದ್ದೆ.

“ನೀವು ಸೀರಿಯಸ್ ಅದೀರಂತ ಫೋನ್ ಬಂದಿತ್ರಿ,” ಎಂದಳು ಅವ್ವ.

ಅವರು ನನ್ನ ಬಾತ ಕಣ್ಣು ನೋಡಿದರು, ಎಳನೀರು ನೋಡಿದರು. ನಗಲಿಲ್ಲ.

“ಹೌದ್ರಿ, ಅದೇನಿ,” ಎಂದು ನನ್ನ ಕೈಯಿಂದ ಎಳನೀರು ಇಸಿದುಕೊಂಡು, ತಾಯಿಗೆ ಕತ್ತಿ ತರಲು ಹೇಳಿದರು. ತಾಯಿ ಒಂದು ಗಳಿಗೆ ನಿಂತು, ಆಮೇಲೆ ತಂದರು.

ಇದಾಗಿ ಹನ್ನೊಂದು ವರ್ಷ. ಅವ್ವ ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ಹೆಂಗದಾರ ಎಂದು ಕೇಳುತ್ತಾಳೆ. ಇನ್ನೂ ಸೀರಿಯಸ್ ಅದಾರ ಎನ್ನುತ್ತೇನೆ.

“ಕಮ್ಮಿ ಆಗೂದು ಬ್ಯಾಡ ಬಿಡು,” ಎನ್ನುತ್ತಾಳೆ.